ಟಾಮ್ ಅಂಡ್ ಜೆರ್ರಿಯ ಹಳೇ ಕಾರ್ಟೂನ್ ಡಿಸ್ಕ್ ಕೊಳ್ಳುವಾಗ ಏನು ನೋಡಬೇಕು?

ಮೊದಲು ಡಬ್ಬದ ಹಿಂದೆ ಇಸವಿ ನೋಡಿ. ಈ ಜೋಡಿಯನ್ನು ಸೃಷ್ಟಿಸಿದ ಹಾನ್ನಾ ಮತ್ತು ಬಾರ್ಬೆರಾ ಎಂಜಿಎಂ ಸ್ಟುಡಿಯೋದಲ್ಲಿ ಮಾಡಿದ ಮೂಲ ಕಾರ್ಟೂನ್‌ಗಳು 1940ರಿಂದ 1958ರವರೆಗಿನವು, ಒಟ್ಟು 114. ಆಮೇಲೆ ಬೇರೆಯವರು ಮಾಡಿದ್ದೂ ಇದೇ ಹೆಸರಲ್ಲಿ ಸಿಗುತ್ತದೆ.

ಕತ್ತರಿ ಬಿದ್ದಿದೆಯಾ ಅನ್ನುವುದೇ ದೊಡ್ಡ ಪ್ರಶ್ನೆ. ಕಪ್ಪು ಜನರನ್ನು ಹೀಯಾಳಿಸುವ ದೃಶ್ಯಗಳನ್ನು ಕೆಲವು ಡಿವಿಡಿಗಳಲ್ಲಿ ತೆಗೆದಿದ್ದಾರೆ. ಆ ದೃಶ್ಯಗಳು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಸಂಗ್ರಹದಲ್ಲಿ ಇದ್ದದ್ದು ಇದ್ದ ಹಾಗೇ ಇರಬೇಕು ಅಂತ ನನಗನ್ನಿಸುತ್ತದೆ. 2011ರ ಗೋಲ್ಡನ್ ಕಲೆಕ್ಷನ್ ಬ್ಲೂ-ರೇಯಲ್ಲಿ ಮೊದಲ 37 ಕಾರ್ಟೂನ್‌ಗಳು ಕತ್ತರಿಯಿಲ್ಲದೆ, ಬಿಡುಗಡೆಯಾದ ಕ್ರಮದಲ್ಲೇ ಇವೆ. ಮೊಟ್ಟಮೊದಲನೆಯದರಲ್ಲಿ ಬೆಕ್ಕಿನ ಹೆಸರು ಟಾಮ್ ಅಲ್ಲ, ಜಾಸ್ಪರ್! ಅದನ್ನು ನೋಡುವ ಖುಷಿಯೇ ಬೇರೆ.

1950ರ ದಶಕದ ಕೊನೆಯವು ಸಿನಿಮಾಸ್ಕೋಪ್‌ನವು, ಅಂದರೆ ಅಗಲ ಪರದೆಗೆ ಮಾಡಿದವು. ಟಿವಿಗೆಂದು ಎರಡೂ ಬದಿ ಕತ್ತರಿಸಿದ ಪ್ರತಿಯಲ್ಲಿ ಓಡುವ ಜೆರ್ರಿ ಅರ್ಧಕ್ಕೇ ಮಾಯವಾಗುತ್ತಾನೆ. ಪೂರ್ತಿ ಅಗಲದ್ದನ್ನೇ ಹುಡುಕಿ.

ಅಮೆರಿಕದಿಂದ ತರಿಸುತ್ತೀರಾ? ಡಿವಿಡಿ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡಬೇಕು ಅಂತ ಹೇಳುವ ಸಂಖ್ಯೆಯೇ ರೀಜನ್; ಅಲ್ಲಿನದು 1, ನಮ್ಮದು 5. ನಿಮ್ಮ ಪ್ಲೇಯರ್‌ನಲ್ಲಿ ಓಡುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಸೆಕೆಂಡ್‌ಹ್ಯಾಂಡ್ ಆದರೆ ಡಿಸ್ಕನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತುಗಳು ಕಂಡರೆ ಸುಮ್ನೆ ವಾಪಸ್ ಕೊಟ್ಟುಬಿಡಿ.