ಶನಿವಾರ ಎಂದರೆ ಎಷ್ಟು ಗಂಟೆಗೆ?

ಬೇರೆಯಾಗಿ ಬಾಳುತ್ತಿರುವ ತಂದೆ ತಾಯಿ ಮಕ್ಕಳನ್ನು ಹೊಂದಾಣಿಕೆಯಿಂದ ಬೆಳೆಸುವ ಬಗ್ಗೆ ಕಾಸರಗೋಡಿನ ಓದುಗರು ಕಳಿಸಿದ ಪತ್ರಗಳಿಗೆ ಈ ಸಲದ ಉತ್ತರ. ಕಾನೂನಿನ ಮಾತು ವಕೀಲರದು, ಉಳಿದದ್ದು ಆಪ್ತಸಮಾಲೋಚಕರದು.

ಪ್ರಶ್ನೆ: ಮಗಳಿಗೆ 7 ವರ್ಷ, ಇಲ್ಲೇ ಕನ್ನಡ ಮಾಧ್ಯಮದಲ್ಲಿ ಓದುತ್ತಾಳೆ. ಅವಳ ಅಪ್ಪನಿಗೆ ಮಂಗಳೂರಿನಲ್ಲಿ ಕೆಲಸ. ಕೇಸು ಕಾಸರಗೋಡಿನ ಫ್ಯಾಮಿಲಿ ಕೋರ್ಟಿನಲ್ಲಿ ಉಂಟು. ಕೌನ್ಸೆಲಿಂಗ್‌ಗೆ ಬರಲು ಹೇಳಿದ್ದಾರೆ. ಹೋದರೆ ಪುನಃ ಒಟ್ಟಿಗೆ ಬಾಳಿ ಎಂದು ಒತ್ತಾಯ ಮಾಡುತ್ತಾರೆಯೇ? ಅಲ್ಲಿ ಹೇಳಿದ ಮಾತು ನಾಳೆ ನನಗೇ ತಿರುಗುಬಾಣ ಆದೀತೇ?
– ಓದುಗರು, ಬದಿಯಡ್ಕ

ಉತ್ತರ: ಕೇಳುವುದಂತೂ ಕೇಳುತ್ತಾರೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ರಾಜಿಗೆ ದಾರಿ ಉಂಟೋ ಎಂದು ನೋಡುವುದು ಕೋರ್ಟಿನ ಕರ್ತವ್ಯ. ಹಾಗಾಗಿ “ಸೇರಿ ಬಾಳಲು ಆಗುವುದೇ ಇಲ್ಲವೇ?” ಎಂಬ ಪ್ರಶ್ನೆ ಮೊದಲ ದಿನವೇ ಬರುತ್ತದೆ. ಆಗುವುದಿಲ್ಲವಾದರೆ ಒಂದೇ ಸಲ, ಸಮಾಧಾನದಲ್ಲಿ ಹೇಳಿಬಿಡಿ. ಮದುವೆಯಾದಂದಿನ ಕಥೆಯನ್ನೆಲ್ಲ ಬಿಚ್ಚಿದರೆ ಆ ದಿನದ ಗಂಟೆ ಅದರಲ್ಲೇ ಮುಗಿಯುತ್ತದೆ. “ಮಗಳ ಭೇಟಿ, ರಜೆ, ಫೋನು, ಖರ್ಚು, ಇಷ್ಟನ್ನು ಗೊತ್ತುಮಾಡಿಕೊಳ್ಳಲು ಬಂದಿದ್ದೇನೆ” ಎಂದು ನೀವೇ ಮಾತನ್ನು ತಿರುಗಿಸಿ.

ಗೋಪ್ಯದ ವಿಷಯದಲ್ಲಿ ಹಲವರಿಗೆ ಗೊಂದಲ ಉಂಟು. ಮೀಡಿಯೇಷನ್‌ನಲ್ಲಿ, ಅಂದರೆ ಮಧ್ಯಸ್ಥರೊಬ್ಬರ ಮುಂದೆ ನಡೆಯುವ ರಾಜಿ ಮಾತುಕತೆಯಲ್ಲಿ, ಆಡಿದ ಮಾತು ಗೋಪ್ಯ. ರಾಜಿ ಮುರಿದರೂ ಅದನ್ನು ಸಾಕ್ಷ್ಯವಾಗಿ ತರುವಂತಿಲ್ಲ. ಆದರೆ ಮಗುವಿನ ಸುಪರ್ದಿಯ ಕೇಸಿನಲ್ಲಿ ಕೌನ್ಸೆಲರ್ ಮಗುವಿನೊಡನೆ ಮಾತಾಡಿ ಕೊಡುವ ವರದಿಗೆ ಆ ರಕ್ಷಣೆ ಇಲ್ಲ, ನ್ಯಾಯಾಧೀಶರು ಅದನ್ನು ನೋಡಬಹುದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅದಕ್ಕೆ ಹೆದರಬೇಕಾಗಿಲ್ಲ. ಮಗುವಿಗೆ ಹೇಳಿಕೊಟ್ಟು ಕಳಿಸಬೇಡಿ, ಅಷ್ಟೆ. ಏಳು ವರ್ಷದ ಮಗು “ಅಪ್ಪ ಜವಾಬ್ದಾರಿ ಇಲ್ಲದವರು” ಎಂದರೆ ಆ ಮಾತು ಎಲ್ಲಿಂದ ಬಂತೆಂದು ಕೌನ್ಸೆಲರಿಗೆ ಕೂಡಲೇ ತಿಳಿಯುತ್ತದೆ.

ಹೋಗುವಾಗ ಆರೋಪಪಟ್ಟಿಯ ಬದಲು ಮಗಳ ಒಂದು ವಾರವನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ: ಎಷ್ಟು ಗಂಟೆಗೆ ಏಳುತ್ತಾಳೆ, ಶಾಲೆಯ ಬಸ್ಸು, ಭರತನಾಟ್ಯವೋ ಯಕ್ಷಗಾನವೋ ತರಗತಿಯ ದಿನ, ಔಷಧಿ, ಯಾವುದಕ್ಕೆ ಹೆದರುತ್ತಾಳೆ. ಇಬ್ಬರನ್ನೂ ಮೊದಲು ಪ್ರತ್ಯೇಕ ಕೂರಿಸಿ, ಆಮೇಲೆ ಜತೆಗೆ ಕೂರಿಸುವಂತೆ ಕೇಳಿಕೊಳ್ಳಿ. ಮಲಯಾಳದಲ್ಲಿ ವ್ಯವಹಾರ ಬರುತ್ತದೆ ಎಂದು ಸುಮ್ಮನಾಗಬೇಡಿ. ಪೇಟೆಯ ಮಾತು ಬೇರೆ, ಅಳುವ ಭಾಷೆ ಬೇರೆ. ಕನ್ನಡ ಅಥವಾ ತುಳು ಬಲ್ಲ ಕೌನ್ಸೆಲರ್ ಬೇಕೆಂದು ಮೊದಲೇ ಬರೆದುಕೊಡಿ.

ಪ್ರಶ್ನೆ: ಆದೇಶದಲ್ಲಿ “ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಗನನ್ನು ತಂದೆಯ ಜತೆ ಕಳಿಸತಕ್ಕದ್ದು, ಸಮಯ ಇಬ್ಬರ ಅನುಕೂಲದಂತೆ” ಎಂದು ಮಾತ್ರ ಉಂಟು. ಮಗನಿಗೆ 9 ವರ್ಷ, ತಾಯಿಯ ಜತೆ ಇದ್ದಾನೆ; ತಂದೆ ನಾನು. ಪ್ರತಿ ಸಲವೂ ಗೇಟಿನ ಹತ್ತಿರ ಜಗಳ. ಕೌನ್ಸೆಲಿಂಗ್‌ನಲ್ಲಿ ಇದು ಸರಿಯಾಗುತ್ತದೆಯೇ?
– ಓದುಗರು, ಉಪ್ಪಳ

ಉತ್ತರ: ನಿಮ್ಮ ಜಗಳದ ಬೇರು “ಅನುಕೂಲದಂತೆ” ಎಂಬ ಆ ಒಂದು ಪದದಲ್ಲಿದೆ. ಅನುಕೂಲ ನೋಡಿಕೊಳ್ಳುವಷ್ಟು ಹೊಂದಿಕೆ ಇದ್ದಿದ್ದರೆ ಕೋರ್ಟೇ ಬೇಕಿರಲಿಲ್ಲ. ಕೌನ್ಸೆಲಿಂಗ್‌ನಲ್ಲಿ ಮನಸ್ಸು ಬದಲಾಯಿಸಲು ಹೊರಡುವುದಕ್ಕಿಂತ ಈ ಪದವನ್ನು ಒಡೆದು ಗಂಟೆ, ಜಾಗ, ಹೆಸರು ಬರೆಯುವುದು ಲೇಸು.

ಮೊದಲು ಲೆಕ್ಕ. ಐದು ಶನಿವಾರ ಇರುವ ತಿಂಗಳಲ್ಲಿ ನಾಲ್ಕನೆಯ ಶನಿವಾರದಿಂದ ಮುಂದಿನ ತಿಂಗಳ ಎರಡನೆಯ ಶನಿವಾರಕ್ಕೆ ಮೂರು ವಾರ ಆಗುತ್ತದೆ. ಮಗ ಕಾಯುತ್ತಾನೆ, ನೀವು ಸಿಡಿಮಿಡಿಗೊಳ್ಳುತ್ತೀರಿ, ಆಕೆ “ಆದೇಶದಲ್ಲಿ ಹಾಗೇ ಉಂಟು” ಅನ್ನುತ್ತಾರೆ. ಇಬ್ಬರೂ ಸರಿ. “ಇಂಥ ತಾರೀಕಿನಿಂದ ಎರಡು ವಾರಕ್ಕೊಮ್ಮೆ” ಎಂದು ಬರೆದರೆ ಈ ತೊಂದರೆ ಇಲ್ಲ. ಬ್ಯಾಂಕಿನ ಕೆಲಸದವರಿಗೆ ಮಾತ್ರ ಎರಡು, ನಾಲ್ಕೇ ಅನುಕೂಲ. ಅವರು ಐದನೆಯ ಶನಿವಾರಕ್ಕೆ ಪ್ರತ್ಯೇಕ ಸಾಲು ಸೇರಿಸಬೇಕು.

ಹೊತ್ತು: “ಬೆಳಿಗ್ಗೆ” ಬೇಡ, ಶನಿವಾರ 10 ಗಂಟೆ, “ಸಂಜೆ” ಬೇಡ, ಭಾನುವಾರ 5 ಗಂಟೆ. ಭಾನುವಾರ ರಾತ್ರಿ 9ಕ್ಕೆ ಮನೆಗೆ ಮುಟ್ಟುವ ಮಗು ಸೋಮವಾರ ತರಗತಿಯಲ್ಲಿ ತೂಕಡಿಸುತ್ತದೆ, ಆ ದೂರು ಮತ್ತೆ ನಿಮ್ಮ ತಲೆಗೇ ಬರುತ್ತದೆ. ತಡವಾದರೆ 30 ನಿಮಿಷ ಕಾಯುವುದು, ಅಷ್ಟರೊಳಗೆ ಮೆಸೇಜು ಹಾಕುವುದು. ತಪ್ಪಿಹೋದ ಭೇಟಿಗೆ ಮುಂದಿನ 14 ದಿನದೊಳಗೆ ಬದಲಿ ದಿನ, ಆದರೆ ಕಾರಣ ಜ್ವರವೋ ಮಳೆಯೋ ಆಗಿದ್ದರೆ ಮಾತ್ರ. ಮರೆತುಹೋದದ್ದಕ್ಕೆ ಬದಲಿ ಇಲ್ಲ. ಇದು ಸ್ವಲ್ಪ ಕಠಿಣ ಅನ್ನಿಸಬಹುದು, ಆದರೆ ಮರೆವು ಕಡಿಮೆಯಾಗುವುದು ಇದರಿಂದಲೇ.

ಜಾಗ: ಮನೆಯ ಗೇಟು ಎಲ್ಲಕ್ಕಿಂತ ಕೆಟ್ಟ ಜಾಗ, ಒಳಗಿನಿಂದ ಮಾವನವರು, ಹೊರಗಿನಿಂದ ನಿಮ್ಮ ಅಣ್ಣ, ನಡುವೆ ಬ್ಯಾಗು ಹಿಡಿದ ಹುಡುಗ. ಕೋರ್ಟಿನ ಆವರಣವನ್ನೂ ನಾವು ಮೆಚ್ಚುವುದಿಲ್ಲ. ಮೇಲೆ ಹೇಳಿದ ಹೊತ್ತನ್ನು ಬದಲಿಸಲು ಇಬ್ಬರೂ ಒಪ್ಪಿದರೆ ಒಳ್ಳೆಯದು ಶಾಲೆಯ ಗೇಟು: ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ನೀವು ಕರೆದುಕೊಂಡು ಹೋಗುವುದು, ಸೋಮವಾರ ಬೆಳಿಗ್ಗೆ ಅಲ್ಲೇ ಬಿಡುವುದು. ಅಪ್ಪ ಅಮ್ಮ ಎದುರುಬದುರಾಗುವ ಪ್ರಶ್ನೆಯೇ ಇಲ್ಲ. ಆದರೆ ನಮ್ಮ ಊರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗೆ ಜಿಲ್ಲಾಧಿಕಾರಿಯವರು ರಜೆ ಕೊಡುವುದು ಇದ್ದದ್ದೇ. ಶಾಲೆ ಇಲ್ಲದ ದಿನ ಎಲ್ಲಿ ಎಂದು ಎರಡನೆಯ ಜಾಗವನ್ನೂ ಬರೆಯಿರಿ: ರೈಲು ನಿಲ್ದಾಣದ ಟಿಕೆಟ್ ಕೌಂಟರಿನ ಎದುರು, ಅಥವಾ ಇಬ್ಬರಿಗೂ ಗೊತ್ತಿರುವ ಬೇಕರಿ. ನೀವು ಬರಲಾಗದಿದ್ದರೆ ಯಾರು ಬರಬಹುದೆಂದು ಎರಡೇ ಹೆಸರು ಬರೆದಿಡಿ, ಆ ಇಬ್ಬರನ್ನೂ ಮಗ ಬಲ್ಲವನಾಗಿರಬೇಕು. ಶಾಲೆಗೂ ಆ ಹೆಸರು ಕೊಡಿ.

ಒಪ್ಪಿಸುವ ಕೆಲಸ ಐದು ನಿಮಿಷದ್ದು. ಜ್ವರ ಇತ್ತೇ, ಊಟ ಆಗಿದೆಯೇ, ಹೋಮ್‌ವರ್ಕ್ ಏನು ಉಳಿದಿದೆ, ಇಷ್ಟೇ ಮಾತು. ವಕೀಲರ ನೋಟೀಸಿನ ಸುದ್ದಿ ಅಲ್ಲಿ ಎತ್ತಬಾರದು. ಬ್ರಷ್ಷು, ಚಪ್ಪಲಿ, ಕೊಡೆ, ಮನೆಬಟ್ಟೆ ಎರಡೂ ಮನೆಯಲ್ಲಿ ಒಂದೊಂದು ಜತೆ ಇರಲಿ. ಆಗ ಬ್ಯಾಗಿನಲ್ಲಿ ಪುಸ್ತಕ, ಕನ್ನಡಕ, ಪ್ರಮಾಣ ಬರೆದ ಔಷಧಿ, ಅವನಿಗೆ ಪ್ರಿಯವಾದ ಒಂದು ವಸ್ತು ಇದ್ದರೆ ಸಾಕು. ಬಟ್ಟೆ ವಾಪಸು ಬರಲಿಲ್ಲ ಎಂಬ ಕಾರಣಕ್ಕೆ ಮುರಿದ ಒಪ್ಪಂದಗಳು ಕಡಿಮೆಯೇನಿಲ್ಲ!

ಉಳಿದ ದಿನಗಳಲ್ಲಿ ಫೋನು: ದಿನಾ ಒಂದು ನಿಗದಿತ ಹೊತ್ತು, 10 ನಿಮಿಷ, ಸ್ಪೀಕರ್ ಹಾಕದೆ. ಮಗು ಜತೆಯಲ್ಲಿಲ್ಲದ ತಂದೆ ಅಥವಾ ತಾಯಿಗೆ ದಿನಕ್ಕೆ 5ರಿಂದ 10 ನಿಮಿಷ ಮಾತಾಡುವ ಅವಕಾಶ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಿಮ್ಮಿಬ್ಬರ ನಡುವಿನ ಮೆಸೇಜು ಮಗನ ವಿಷಯಕ್ಕೆ ಮಾತ್ರ, ನಾಲ್ಕು ಸಾಲು ದಾಟದಂತೆ. ಉತ್ತರಕ್ಕೆ 24 ಗಂಟೆ. ಕಳಿಸುವ ಮೊದಲು, ಇದನ್ನು ನ್ಯಾಯಾಧೀಶರು ಗಟ್ಟಿಯಾಗಿ ಓದಿದರೆ ಹೇಗೆ ಕೇಳಿಸೀತು ಎಂದು ಯೋಚಿಸಿ.

ರಜೆಯ ವಿಷಯದಲ್ಲಿ ಗಡಿಯವರಿಗೆ ಬೇರೆಯೇ ತಾಪತ್ರಯ. ಇಲ್ಲಿನ ಶಾಲೆಗೆ ಓಣಂಗೆ ಸುಮಾರು ಹತ್ತು ದಿನ, ಕ್ರಿಸ್ಮಸ್‌ಗೆ ಹತ್ತು ದಿನ. ದಸರಾಕ್ಕೆ ಕೆಲವೇ ದಿನ. ಮಂಗಳೂರಿನಲ್ಲಿ ಬೆಳೆದವರು “ದಸರಾ ರಜೆ ತಂದೆಗೆ” ಎಂದು ಬರೆಸಿಕೊಂಡು ಆಮೇಲೆ ಪೆಚ್ಚಾಗುತ್ತಾರೆ. ಮಗ ಓದುವ ಶಾಲೆಯ ಕ್ಯಾಲೆಂಡರನ್ನೇ ಎದುರಿಗಿಟ್ಟುಕೊಂಡು ಓಣಂ ಒಬ್ಬರಿಗೆ, ಕ್ರಿಸ್ಮಸ್ ಇನ್ನೊಬ್ಬರಿಗೆ, ಮರುವರ್ಷ ಅದಲುಬದಲು ಎಂದು ಬರೆಯಿರಿ. ಏಪ್ರಿಲ್, ಮೇ ದೊಡ್ಡ ರಜೆಯನ್ನು ಈ ವಯಸ್ಸಿಗೆ ಎರಡೆರಡು ವಾರದ ತುಂಡುಗಳಾಗಿ ಹಂಚಿದರೆ ಸರಿ. ಮನೆದೈವದ ನೇಮ, ಊರಿನ ಜಾತ್ರೆ, ಮದುವೆ, ಇವಕ್ಕೆ 15 ದಿನ ಮುಂಚೆ ತಿಳಿಸಿ ದಿನ ಬದಲಾಯಿಸಿಕೊಳ್ಳುವ ಸಾಲೊಂದು ಇರಲಿ.

ಬರೆದದ್ದನ್ನು ಮೂರು ತಿಂಗಳು ನಡೆಸಿ ನೋಡಿ, ತಿದ್ದಿ, ಆಮೇಲೆ ಕೋರ್ಟಿನಲ್ಲಿ ದಾಖಲಿಸಿ. ಛಾಪಾ ಕಾಗದದ ಮೇಲೆ ಇಬ್ಬರೇ ಸಹಿ ಹಾಕಿಟ್ಟುಕೊಂಡ ಒಪ್ಪಂದಕ್ಕೆ ಆದೇಶದ ಬಲ ಬರುವುದಿಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಸುಪರ್ದಿಯ ಆದೇಶವನ್ನು ಬದಲಿಸಿಕೊಡಿ ಎಂದು ಮತ್ತೆ ಕೇಳಲು ಅವಕಾಶ ಇದ್ದೇ ಇರುತ್ತದೆ.

ಪ್ರಶ್ನೆ: ನಾಲ್ಕು ತಿಂಗಳಿಂದ ಜೀವನಾಂಶ ಬಂದಿಲ್ಲ. ಮಗನನ್ನು ಕಳಿಸದೆ ಇರಬಹುದೇ?
– ಓದುಗರು, ಮುಳ್ಳೇರಿಯ

ಉತ್ತರ: ಬೇಡ. ಹಣದ ಆದೇಶ ಬೇರೆ, ಭೇಟಿಯ ಆದೇಶ ಬೇರೆ. ಬಾಕಿ ವಸೂಲಿಗೆ ಅರ್ಜಿ ಹಾಕಿ, ಮಗನನ್ನು ಕಳಿಸಿ. ತಡೆದರೆ ತಪ್ಪಿತಸ್ಥರ ಜಾಗಕ್ಕೆ ನೀವು ಬರುತ್ತೀರಿ. ಹಾಗೆಯೇ, ಮಗನನ್ನು ಕಳಿಸಲಿಲ್ಲ ಎಂದು ಅವರು ಹಣ ನಿಲ್ಲಿಸುವಂತೆಯೂ ಇಲ್ಲ. ವಕೀಲರ ಖರ್ಚಿನ ಚಿಂತೆಯಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಫೋನು 15100.

ಪ್ರಶ್ನೆ: ನಾನು ದುಬೈಯಲ್ಲಿ. ವರ್ಷಕ್ಕೆ ಒಂದು ತಿಂಗಳು ಊರಿಗೆ ಬರುತ್ತೇನೆ. 6 ವರ್ಷದ ಮಗಳು ಮೊದಲ ವಾರ ಹತ್ತಿರವೇ ಬರುವುದಿಲ್ಲ. ಅವಳನ್ನು ರಜೆಯಲ್ಲಿ ಇಲ್ಲಿಗೆ ಕರೆತರಬಹುದೇ?
– ಓದುಗರು, ಕುಂಬಳೆಯವರು

ಉತ್ತರ: ಹತ್ತಿರ ಬಾರದಿರುವುದು ಅಮ್ಮ ಹೇಳಿಕೊಟ್ಟದ್ದೆಂದು ತೀರ್ಮಾನಿಸಬೇಡಿ. ಹನ್ನೊಂದು ತಿಂಗಳು ಪರದೆಯಲ್ಲಿ ಕಂಡ ಮುಖ ಎದುರಿಗೆ ಬಂದಾಗ ಆ ವಯಸ್ಸಿನ ಮಗುವಿಗೆ ಸಂಕೋಚ ಸಹಜ. ಮೊದಲ ಮೂರು ದಿನ ಅವಳಿದ್ದಲ್ಲಿಗೇ ಎರಡೆರಡು ಗಂಟೆ ಹೋಗಿ, ಆಮೇಲೆ ಹಗಲಿಡೀ, ನಂತರ ರಾತ್ರಿ ತಂಗುವುದು. ಬಂದ ದಿನವೇ ಮನೆಗೆ ಕರೆದೊಯ್ದರೆ ರಾತ್ರಿ ಹನ್ನೊಂದಕ್ಕೆ ಅಳುವ ಮಗುವನ್ನು ವಾಪಸು ಬಿಡಬೇಕಾದೀತು.

ವಿಡಿಯೋ ಕಾಲ್‌ಗೆ ನಿಮ್ಮ ಸಂಜೆ 6 ಗಂಟೆ ಗೊತ್ತುಮಾಡಿ, ಇಲ್ಲಿ ಆಗ 7:30. ನಿಮ್ಮ 8 ಎಂದರೆ ಇಲ್ಲಿ 9:30, ಮಗು ನಿದ್ದೆಗಣ್ಣಲ್ಲಿರುತ್ತದೆ. “ಊಟ ಆಯ್ತಾ, ಓದಿದೆಯಾ” ಎರಡು ನಿಮಿಷಕ್ಕೆ ಮುಗಿಯುತ್ತದೆ. ಚಿತ್ರ ಬಿಡಿಸುವುದು, ಒಂದು ಕಥೆಯನ್ನು ದಿನಕ್ಕಿಷ್ಟು ಓದುವುದು ಹೆಚ್ಚು ಫಲ ಕೊಡುತ್ತದೆ.

ಕರೆತರುವ ಪ್ರಶ್ನೆ: ಪಾಸ್‌ಪೋರ್ಟಿಗೆ ಇಬ್ಬರ ಒಪ್ಪಿಗೆಯ ಘೋಷಣೆ ಇದ್ದರೆ ಸುಲಭ. ಕೇಸು ನಡೆಯುತ್ತಿದ್ದರೆ ಕೋರ್ಟಿನ ಅನುಮತಿ ಇಲ್ಲದೆ ಹೊರಡಬೇಡಿ. ಅನುಮತಿ ಇಲ್ಲದೆ ದೇಶದಾಚೆ ಒಯ್ದ ಮಕ್ಕಳನ್ನು ವಾಪಸು ಕಳಿಸುವ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ತಾಯಿಗೆ ಭಯ ಇರುವುದು ಸುಮ್ಮನೆ ಅಲ್ಲ. ವಾಪಸು ಟಿಕೆಟಿನ ಪ್ರತಿ, ಇರುವ ವಿಳಾಸ, ದಿನದ ಕಾಲ್‌ನ ಹೊತ್ತು, ಹಿಂತಿರುಗುವ ತಾರೀಕಿನ ಮುಚ್ಚಳಿಕೆ, ಇಷ್ಟನ್ನು ನೀವೇ ಮುಂದಾಗಿ ಕೊಡಿ.

ಪ್ರಶ್ನೆ: ಮೊಮ್ಮಗ ಬಂದಾಗ ಅವನ ಅಮ್ಮನ ಮನೆಯ ಸುದ್ದಿ ಕೇಳಬಾರದೆಂದು ಮಗ ಹೇಳುತ್ತಾನೆ. ಅಜ್ಜಿ ಕೇಳಿದರೆ ಏನಾಗುತ್ತದೆ?
– ಓದುಗರು, ಪೆರ್ಲ

ಉತ್ತರ: ಮಗ ಹೇಳಿದ್ದು ಸರಿ, ಅಮ್ಮಾ. “ಅಲ್ಲಿ ಯಾರೆಲ್ಲ ಬರುತ್ತಾರೆ?”, “ನಿನಗೆ ಯಾರ ಹತ್ತಿರ ಇರಲು ಇಷ್ಟ?” ಎಂಬ ಎರಡು ಪ್ರಶ್ನೆ ಮಾತ್ರ ಬೇಡವೇ ಬೇಡ. ಮಗು ಇಲ್ಲಿ ಒಂದು, ಅಲ್ಲಿ ಒಂದು ಉತ್ತರ ಹೇಳಲು ಕಲಿಯುತ್ತದೆ. ಆಮೇಲೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತದೆ. ಅವನಾಗಿ ಅಮ್ಮನ ಮಾತೆತ್ತಿದರೆ ಮುಖ ಸಣ್ಣ ಮಾಡದೆ ಕೇಳಿ. ಹೋಗುವಾಗ ಪತ್ರೊಡೆ ಕಟ್ಟಿಕೊಟ್ಟು “ಅಮ್ಮನಿಗೂ ಕೊಡು” ಅನ್ನಲು ಮನಸ್ಸು ಬಂದರೆ ಯಾವ ಕೌನ್ಸೆಲರೂ ಬೇಕಾಗಿಲ್ಲ.

ಪ್ರಶ್ನೆ: ಹೊಡೆತಕ್ಕೆ ಹೆದರಿ ತವರಿಗೆ ಬಂದವಳು ನಾನು. ಎದುರು ಕೂತು ಮಾತಾಡಿ, ಸೇರಿ ಬೆಳೆಸಿ ಎಂದರೆ ಹೇಗೆ?
– ಓದುಗರು, ಮಂಜೇಶ್ವರ

ಉತ್ತರ: ಎದುರು ಕೂರಬೇಡಿ. ಮೇಲೆ ಹೇಳಿದ ಹೊಂದಾಣಿಕೆಯ ಮಾತೆಲ್ಲ ಇಬ್ಬರೂ ಹೆದರದೆ ಬಾಯಿ ಬಿಡಬಲ್ಲಲ್ಲಿ ಮಾತ್ರ. ಹೊಡೆತ ನಡೆದಿದೆ ಎಂದು ಕೌನ್ಸೆಲರಿಗೆ ಮೊದಲ ದಿನವೇ ತಿಳಿಸಿ. ಬೇರೆ ಕೋಣೆ, ಬೇರೆ ಹೊತ್ತು ಕೇಳಿ. ಆತ ಹೊರಟು ಹೋದ ಮೇಲೆ ನೀವು ಹೊರಡುವಂತೆ ಕೂಡ. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ನಿಮಗೆ ಕೊಡಬಹುದು. ಭೇಟಿಯಿಂದ ಮಗುವಿಗೆ ಕೆಡುಕೆಂದು ಕಂಡರೆ ಅದನ್ನು ನಿರಾಕರಿಸಬಹುದು. ಭೇಟಿ ಇರಲಿ ಎಂದು ಕೋರ್ಟು ಹೇಳಿದರೆ ಮೇಲ್ವಿಚಾರಣೆಯಲ್ಲಿ ನಡೆಸುವಂತೆ ಕೇಳಿ: ಒಂದು ಗಂಟೆ, ಮೂರನೆಯವರೊಬ್ಬರು ಉದ್ದಕ್ಕೂ ಅದೇ ಕೋಣೆಯಲ್ಲಿ, ಮಗುವನ್ನು ತಂದು ಬಿಡುವವರು ನೀವಲ್ಲದೆ ಇನ್ನೊಬ್ಬರು. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಈ ನಂಬರುಗಳನ್ನು ಆತನಿಗೆ ಸಿಗಬಹುದಾದ ಫೋನಿನಲ್ಲಿ ಅಲ್ಲ, ಕಾಗದದಲ್ಲಿ ಬರೆದಿಡಿ.