ಕೂಲರ್ ಹಚ್ಚಿ ಕಿಟಕಿ ಮುಚ್ಚುವವರಿಗೆ

ಎಸಿ, ಕೂಲರ್ ರಿಪೇರಿಯಲ್ಲೇ ಕೂದಲು ಹಣ್ಣಾಗಿಸಿಕೊಂಡವನು ನಾನು. ಬೇಸಿಗೆ ಬಂತೆಂದರೆ ವಿಜಯಪುರದ ಬಿಸಿಲಿಗಿಂತ ಈ ಮೊದಲನೆಯ ಪ್ರಶ್ನೆಯೇ ನನ್ನ ತಲೆ ಕಾಯಿಸುತ್ತದೆ.

ಪ್ರಶ್ನೆ: ಹೊಸ ಕೂಲರ್ ತಂದಿದ್ದೇವೆ. ತಂಪು ಹೊರಗೆ ಹೋಗಬಾರದೆಂದು ಕಿಟಕಿ, ಬಾಗಿಲು ಮುಚ್ಚುತ್ತೇವೆ. ಅರ್ಧ ಗಂಟೆಯಲ್ಲಿ ಮೈಯೆಲ್ಲ ಅಂಟು. ಐಸ್ ಹಾಕಿದರೂ ಅಷ್ಟೇ. ಕೂಲರ್ ಕೆಟ್ಟಿದೆಯೇ? (ಸಿಂದಗಿಯ ಓದುಗರು)

ಕೆಟ್ಟಿಲ್ಲ. ಕಿಟಕಿ ತೆರೆಯಿರಿ.

ಎಸಿ ಕೋಣೆಯೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತದೆ, ಅದಕ್ಕೆ ಬಾಗಿಲು ಮುಚ್ಚಬೇಕು. ಕೂಲರ್ ನೀರನ್ನು ಆವಿ ಮಾಡಿ ಗಾಳಿಯ ಕಾವು ಹೀರುತ್ತದೆ, ಆ ಆವಿ ಹೊರಗೆ ಹೋಗಲು ದಾರಿ ಬೇಕು. ಮೊನ್ನೆ ಹೀಗೆ ಮುಚ್ಚಿಟ್ಟ ಮನೆಯೊಂದಕ್ಕೆ ಹೋಗಿದ್ದೆ. ಗೋಡೆಯ ಕ್ಯಾಲೆಂಡರ್ ಮುದುರಿತ್ತು, ದೇವರ ಮುಂದಿನ ಬೆಂಕಿಕಡ್ಡಿ ಮೂರು ಸಲ ಗೀರಿದರೂ ಹತ್ತಲಿಲ್ಲ. ಮನೆಯವರು ಮಾತ್ರ ಪಂಪ್ ಬದಲಿಸಿ ಎಂದು ಹಟ ಹಿಡಿದಿದ್ದರು. ಕೂಲರಿನ ಬೆನ್ನನ್ನು ಕಿಟಕಿಯಿಂದ ಹೊರಗಿಟ್ಟು, ಎದುರಿನ ಬಾಗಿಲನ್ನು ಒಂದು ಗೇಣು ತೆರೆದೆ. ಕೆಲಸ ಮುಗಿಯಿತು. ಕೂಲಿ ಕೇಳಲು ನನಗೇ ನಾಚಿಕೆಯಾಯಿತು, ಆದರೂ ಕೇಳಿದೆ.

ಐಸಿನ ಹುಚ್ಚು ಬಿಡಿ. ಒಂದು ಕಿಲೋ ಐಸ್ ಕರಗುವಾಗ ಹೀರುವ ಕಾವು 334 ಕಿಲೋಜೌಲ್. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವುದು ಸುಮಾರು 2,400. ದುಡ್ಡು ಕೊಟ್ಟು ತಂದ ಐಸಿಗಿಂತ ನಲ್ಲಿಯ ನೀರೇ ಏಳು ಪಟ್ಟು ದುಡಿಯುತ್ತದೆ.

ಹೊರಗೆ 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇ 20ರಷ್ಟು ತೇವಾಂಶ ಇದ್ದರೆ ಒಳ್ಳೆಯ ಕೂಲರ್ 26–27 ಡಿಗ್ರಿಯ ಗಾಳಿ ಕೊಡುತ್ತದೆ. ಮಾಳಿಗೆಯ ಮೇಲೆ ಹಾಕಿದ ಸಂಡಿಗೆ ಒಂದೇ ದಿನಕ್ಕೆ ಕಟಕಟನೆ ಒಣಗುವ ಹವೆಯಲ್ಲಿ ಕೂಲರನ್ನು ಹಿಡಿಯುವವರಿಲ್ಲ. ಮಳೆ ಹಿಡಿದು ಸಂಡಿಗೆ ಮೆತ್ತಗಾಗುವ ಹೊತ್ತಿಗೆ ಪಂಪ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ. ಸವಳು ನೀರಿನ ಊರುಗಳಲ್ಲಿ ಕೂಲರಿನ ಹುಲ್ಲಿನ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿಯ ದಾರಿಯೇ ಮುಚ್ಚುತ್ತದೆ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆಗೂ ಆ ನಿಂತ ನೀರೇ ತವರು.

ಪ್ರಶ್ನೆ: ಎಸಿಯನ್ನು 16ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆಯೇ? (ಜಮಖಂಡಿ)

ಇಲ್ಲ. ಬಿಲ್ಲು ಬೇಗ ಏರುತ್ತದೆ. 24ಕ್ಕಿಟ್ಟು ಫ್ಯಾನ್ ಹಾಕಿ.

ಪ್ರಶ್ನೆ: ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸಲೇಬೇಕು ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. (ಇಂಡಿ)

ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ತುಂಬುವವನು ನಿಮ್ಮ ಜೇಬು ಸೋರಿಸುತ್ತಿದ್ದಾನೆ. ಈಗಿನ ಹಲವು ಎಸಿಗಳಲ್ಲಿರುವ ಆರ್-32 ಎಂಬ ಗ್ಯಾಸಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಗುಣವೂ ಇದೆ. ಅಂಥವನ ಕೈಗೆ ಅದನ್ನು ಕೊಡಬೇಡಿ.

ಪ್ರಶ್ನೆ: ಖಾಲಿ ಕೋಣೆಯಲ್ಲಿ ಫ್ಯಾನ್ ಬಿಟ್ಟರೆ ಕೋಣೆ ತಣ್ಣಗಿರುತ್ತದೆಯೇ? (ಗೋಕಾಕ)

ಫ್ಯಾನ್ ಮೈಯ ಬೆವರು ಒಣಗಿಸಿ ತಂಪೆನಿಸುತ್ತದೆ. ಗೋಡೆಗೆ ಬೆವರು ಬರುತ್ತದೆಯೇ? ಫ್ಯಾನ್ ಆರಿಸಿ.

ಪ್ರಶ್ನೆ: ಕಬ್ಬಿಣದ ಕೂಲರ್ ಮುಟ್ಟಿದರೆ ಜುಮ್ಮೆನ್ನುತ್ತದೆ. ರಬ್ಬರ್ ಚಪ್ಪಲಿ ಹಾಕಿಕೊಂಡರೆ ಸಾಕೇ? (ಮುದ್ದೇಬಿಹಾಳ)

ಸಾಲದು. ಕೂಲರಿಗೆ ಕೈ ತಾಗಿಸದೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಎಲೆಕ್ಟ್ರಿಷಿಯನ್ ಬಂದು ವೈರಿಂಗ್, ಅರ್ಥಿಂಗ್ ಎರಡನ್ನೂ ನೋಡಲಿ. ಮುಂದೆಯೂ ನೀರು ತುಂಬುವಾಗ ಪ್ಲಗ್ ಹೊರಗಿರಬೇಕು. ಅರ್ಥಿಂಗ್ ಇಲ್ಲದ ಮನೆಯಲ್ಲಿ ನಾನು ಕೂಲರ್ ಕೂರಿಸುವುದಿಲ್ಲ, ಅದಕ್ಕೆ ಜಗಳವಾಡಿ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ರಿಪೇರಿ ಆಗುವವರೆಗೆ ನಿಮ್ಮ ಮನೆಯಲ್ಲಿ ಬೀಸಣಿಗೆ ನಡೆಯಲಿ.