ಪ್ರವಾಸದಲ್ಲಿ ಸಮಾಧಿ ಯಾಕೆ?

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ಮಗ ಪ್ಯಾರಿಸ್‌ನಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ನಮ್ಮನ್ನು ಒಂದು ವಾರ ಕಾರಿನಲ್ಲಿ ಉತ್ತರ ಫ್ರಾನ್ಸ್ ಸುತ್ತಿಸಿದ. ಊರೂರಿಗೂ ಯುದ್ಧ ಸ್ಮಾರಕ, ಸೈನಿಕರ ಸಮಾಧಿ. ಮೂರನೇ ದಿನದಿಂದ ನಮ್ಮ ಮನೆಯವರು ಕಾರಿನಿಂದ ಇಳಿಯಲೇ ಇಲ್ಲ. ಅಷ್ಟು ದುಡ್ಡು ಹಾಕಿ ಹೋಗಿ ಸ್ಮಶಾನ ನೋಡಬೇಕಾ? ಸಾವನ್ನೂ ಹೀಗೆ ಪ್ರವಾಸದ ಸರಕು ಮಾಡಬಹುದಾ? ಅಷ್ಟಕ್ಕೂ ಅಲ್ಲಿ ನಮ್ಮವರು ಯಾರಿದ್ದಾರೆ?'

ಮೇಷ್ಟ್ರೇ, ಸರಕಿನ ಮಾತು ಸ್ವಲ್ಪ ನಿಜ. ನಾರ್ಮಂಡಿಯ ಸೇಂಟ್ ಮೇರ್ ಎಗ್ಲೀಸ್ ಎಂಬ ಊರಿನಲ್ಲಿ 1944ರ ಜೂನ್ 6ರಂದು ಅಮೆರಿಕದ ಸೈನಿಕನೊಬ್ಬ ಪ್ಯಾರಾಚೂಟ್ ಸಮೇತ ಚರ್ಚಿನ ಗೋಪುರಕ್ಕೆ ಸಿಕ್ಕಿಕೊಂಡಿದ್ದ. ಈಗಲೂ ಅಲ್ಲೊಂದು ಬೊಂಬೆ ನೇತಾಡುತ್ತದೆ. ಕೆಳಗೆ ಜನ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ನನಗೂ ಅದು ಹಿಡಿಸಲಿಲ್ಲ.

ಉಳಿದದ್ದನ್ನು ಒಪ್ಪುವುದಕ್ಕೆ ಆಗಲ್ಲ. ನಮ್ಮವರು ಯಾರಿದ್ದಾರೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ.

ಲೀಲ್ ಪಟ್ಟಣದಲ್ಲಿ ಎರಡು ರಾತ್ರಿ ಇದ್ದೆವು ಅಂತ ಬರೆದಿದ್ದೀರಿ. ಅಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ನವ್ ಶಪೆಲ್ ಎಂಬ ಹಳ್ಳಿ ಸಿಗುತ್ತದೆ. ಸುತ್ತ ಸಪಾಟು ಹೊಲ. ಊರಾಚೆ ರಸ್ತೆ ಕೂಡುವ ಜಾಗದಲ್ಲಿ ದುಂಡಗಿನ ಬಿಳಿ ಗೋಡೆ, 15 ಮೀಟರ್ ಎತ್ತರದ ಕಂಬ, ಕಂಬದ ತುದಿಯಲ್ಲಿ ಕಲ್ಲಿನ ಕಮಲ, ಬುಡದಲ್ಲಿ ಎರಡು ಹುಲಿ. ಭಾರತದ ಸೈನಿಕರ ಹೆಸರಿನಲ್ಲಿ 1927ರಲ್ಲಿ ಎದ್ದ ಸ್ಮಾರಕ ಇದು. ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರುಗಳಿವೆ. ಎಲ್ಲ ಸಮಾಧಿಯ ಗುರುತೇ ಸಿಗದವರದು. 'ದೇವರೊಬ್ಬನೇ, ಗೆಲುವು ಅವನದೇ' ಎಂಬ ಮಾತು ಹಿಂದಿಯಲ್ಲೂ ಗುರುಮುಖಿಯಲ್ಲೂ ಕೆತ್ತಿದೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಲು ಈ ಸೈನಿಕರು 1914ರ ಸೆಪ್ಟೆಂಬರ್ ಕೊನೆಗೆ ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಇಳಿದರು. ಬಿಸಿಲು ನಾಡಿನ ತೆಳು ಬಟ್ಟೆಯಲ್ಲೇ ಕೆಸರಿನ ಕಂದಕಗಳಿಗೆ ಹೋದರು. 1915ರ ಮಾರ್ಚ್ 10ಕ್ಕೆ ಈ ಹಳ್ಳಿಗಾಗಿ ಶುರುವಾದ ಕಾಳಗದಲ್ಲಿ ಮುನ್ನುಗ್ಗಿದವರಲ್ಲಿ ಸುಮಾರು ಅರ್ಧ ಜನ ಭಾರತೀಯರು. ಗಢವಾಲ್ ರೈಫಲ್ಸ್‌ನ ಗಬರ್ ಸಿಂಗ್ ನೇಗಿ ಅವತ್ತೇ ಸತ್ತ. ವಯಸ್ಸು 19. ಸತ್ತ ಮೇಲೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅವನ ಹೆಸರೂ ಈ ಗೋಡೆಯ ಮೇಲೇ ಇದೆ.

ಈ ಹುಡುಗರು ಮನೆಗೆ ಬರೆದ ಕಾಗದಗಳನ್ನು ಸರ್ಕಾರ ಒಡೆದು ಓದುತ್ತಿತ್ತು. ಹಾಗಾಗಿ ಅವರು ಗುಟ್ಟಿನ ಮಾತು ಹುಡುಕಿಕೊಂಡರು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿಯರು. ಕರಿಮೆಣಸು ಮುಗಿಯಿತು, ಈಗ ಕೆಂಪು ಮೆಣಸು ಖರ್ಚಾಗುತ್ತಿದೆ ಅಂತ ಬರೆದರೆ ಊರಿನವರಿಗೆ ಅರ್ಥವಾಗಬೇಕು. ಇದನ್ನು ಓದಿದ ಮೇಲೆ ಅಡುಗೆಮನೆಯ ಮೆಣಸಿನ ಡಬ್ಬಿಯನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ.

ಕನ್ನಡದವರೇ ಬೇಕು ಅಂದರೆ, ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಹೋದದ್ದು ಈಜಿಪ್ಟ್, ಪ್ಯಾಲೆಸ್ತೀನ್ ಕಡೆಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರಲ್ಲಿ ಅವರೂ ಇದ್ದರು. ಫ್ರಾನ್ಸಿನ ಗೋಡೆಯಲ್ಲಿ ಅವರನ್ನು ಹುಡುಕಬೇಡಿ. ಆದರೆ ಗಢವಾಲಿನ ಹುಡುಗ ನಮ್ಮವನಲ್ಲ ಅಂತ ನೀವು ಹೇಳುತ್ತೀರಾ? ತರಗತಿಯಲ್ಲಿ ಹಾಗೆ ಪಾಠ ಮಾಡಿರಲಾರಿರಿ.

ಸೋಮ್ ನದಿಯ ಕಡೆಯ ಒಂದು ಹಳ್ಳಿಯಲ್ಲಿ ನಾನೊಮ್ಮೆ ನವೆಂಬರ್ 11ಕ್ಕೆ ಇದ್ದೆ. 1918ರಲ್ಲಿ ಯುದ್ಧ ನಿಂತ ದಿನ ಅದು. ಸ್ಮಾರಕ ಅಂದರೆ ಚರ್ಚಿನ ಎದುರು ಒಂದು ಕಲ್ಲು, ಅಷ್ಟೇ. ಫ್ರಾನ್ಸಿನಲ್ಲಿ ಅಂಥದ್ದಿಲ್ಲದ ಊರು ಸಿಗುವುದೇ ಅಪರೂಪ. ನಲವತ್ತು ಜನ ಸೇರಿದ್ದರು. ಹತ್ತು ವರ್ಷದ ಹುಡುಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಹಾಳೆ ಹಿಡಿದು ಹೆಸರು ಓದುತ್ತಿದ್ದಳು. ಒಂದೊಂದು ಹೆಸರಿಗೂ ಜನ 'ಮೋರ್ ಪೂರ್ ಲಾ ಫ್ರಾನ್ಸ್' ಅನ್ನುತ್ತಿದ್ದರು. ಫ್ರಾನ್ಸಿಗಾಗಿ ಸತ್ತ, ಅಂತ. ಒಂದೇ ಮನೆತನದ ಹೆಸರು ಸಾಲಾಗಿ ಮೂರು ಸಲ ಬಂತು. ಮೂರನೆಯದಕ್ಕೆ ಹುಡುಗಿ ತಲೆ ಎತ್ತಿ ಟೀಚರ್ ಮುಖ ನೋಡಿದಳು, ಹಾಳೆಯಲ್ಲಿ ತಪ್ಪಿದೆಯೇನೋ ಅಂತ. ಟೀಚರ್ ಸುಮ್ನೆ ಓದು ಅಂತ ಸನ್ನೆ ಮಾಡಿದರು.

ಮೂವತ್ತು ವರ್ಷ ಹಾಜರಿ ಕೂಗಿದವರು ನೀವು. ಅದನ್ನು ಕೇಳಿದ್ದರೆ ಸ್ಮಶಾನ ಅಂತ ಬರೆಯುತ್ತಿರಲಿಲ್ಲ.

ಇನ್ನೊಂದು ಮಾತಿಗೆ ನಿಮ್ಮನ್ನು ಬೈಯಲೇಬೇಕು. ಮೊಮ್ಮಗ ಹೊಲದ ಅಂಚಿನಲ್ಲಿ ಗೋಲಿಯಷ್ಟು ದೊಡ್ಡ ಸೀಸದ ಗುಂಡು ಹೆಕ್ಕಿ ಜೇಬಿಗೆ ಹಾಕಿಕೊಂಡ ಅಂತ ಖುಷಿಯಿಂದ ಬರೆದಿದ್ದೀರಿ. ಆ ಗುಂಡೇನೋ ಸಿಡಿಯುವುದಿಲ್ಲ. ಆದರೆ ಅದೇ ಮಣ್ಣಿನಲ್ಲಿ ಉಳುವಾಗ ಇವತ್ತಿಗೂ ಜೀವಂತ ಶೆಲ್‌ಗಳು ಮೇಲೆ ಬರುತ್ತವೆ. ಕೆಲವುದರಲ್ಲಿ ವಿಷಾನಿಲ ಇರುತ್ತದೆ. ರೈತರು ಅವನ್ನು ಹೊಲದ ಬದಿಗೆ ಇಟ್ಟು ಬಾಂಬ್ ತೆಗೆಯುವವರಿಗೆ ಹೇಳುತ್ತಾರೆ. ನೋಡಿ, ತೋರಿಸಿ, ಮುಟ್ಟಬೇಡಿ.

ದುಡ್ಡಿನ ಮಾತಿಗೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ನಮ್ಮ ಪ್ಯಾಕೇಜ್ ಟೂರಿನವರು ಐಫೆಲ್ ಗೋಪುರದ ಕೆಳಗೆ ಇಳಿಸುತ್ತಾರೆ, ರಾತ್ರಿ ಅನ್ನ-ಸಾರು ಹಾಕುತ್ತಾರೆ, ಮಾರನೇ ದಿನ ಸ್ವಿಸ್ ಹಿಮಕ್ಕೆ ಓಡಿಸುತ್ತಾರೆ. ಹಳ್ಳಿ ನೋಡುವುದು ಅಂದರೆ ಬಸ್ಸಿನ ಕಿಟಕಿಯಿಂದ. ನಮ್ಮ ನಾಡಿನಲ್ಲಿ ನಾವು ಮಾಡುವುದೂ ಇದನ್ನೇ ಅಲ್ವಾ? ಊರಿನ ದನ ಕಾಯಲು, ಹೆಣ್ಣುಮಕ್ಕಳ ಮಾನ ಕಾಯಲು ಸತ್ತವರಿಗೆ ನಮ್ಮ ಹಿರಿಯರು ವೀರಗಲ್ಲು ನಿಲ್ಲಿಸಿದರು. ಬೇಗೂರಿನ ಒಂದು ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರೇ ಇದೆ, ಸುಮಾರು 890ರ ಕಾಲದ್ದು. ಅಂಥ ಕಲ್ಲುಗಳನ್ನು ನಾನು ಬಟ್ಟೆ ಒಗೆಯುವ ಜಾಗದಲ್ಲಿ ನೋಡಿದ್ದೇನೆ, ಚರಂಡಿಯ ಮೇಲೆ ಹಾಸಿದ್ದನ್ನೂ ನೋಡಿದ್ದೇನೆ. ಕೆತ್ತಿದ ಮುಖ ಕೆಳಗೆ ಮಾಡಿ ಹಾಸಿದ್ದರು.

ಮುಂದಿನ ವರ್ಷ ಮತ್ತೆ ಹೋಗುತ್ತೀರಂತೆ. ಅಮ್ಮನವರನ್ನೂ ಕಾರಿನಿಂದ ಇಳಿಸಿ. ಇಂಥ ಸ್ಮಾರಕಗಳ ಗೋಡೆಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಲೋಹದ ಬಾಗಿಲು ಇರುತ್ತದೆ, ಬೀಗ ಇರುವುದಿಲ್ಲ. ಒಳಗೆ ಹೆಸರುಗಳ ಪಟ್ಟಿ, ಬಂದವರು ಬರೆಯುವ ಪುಸ್ತಕ. ಪೆನ್ನು ನೀವೇ ಒಯ್ಯಿರಿ. ನಾನು ಹೋದಾಗ ಅಲ್ಲಿದ್ದ ಪೆನ್ನು ಚಳಿಗೆ ಬರೆಯಲಿಲ್ಲ. ಮೊಮ್ಮಗನ ಕೈಲಿ ಹತ್ತು ಹೆಸರು ಗಟ್ಟಿಯಾಗಿ ಓದಿಸಿ, ಆಮೇಲೆ ನಿಮ್ಮ ಹೆಸರನ್ನು ಕನ್ನಡದಲ್ಲೇ ಬರೆದು ಬನ್ನಿ.